ಹಸುಗೂಸಿನ ತೂಕ ಮತ್ತು ಮಗುವಿನ ಮುಂದಿನ ಬೆಳವಣಿಗೆ

(ಕೊಕಟನೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಯೊಬ್ಬಳು ಕೂಸಿನ ತೂಕದ ಬಗ್ಗೆ ಏಕೆ ಮಾತನಾಡಬೇಕು ಎಂದು ತಾವು ಕೇಳಬಹುದು. ನಾನು ವೈದ್ಯಳಲ್ಲ. ಆದರೆ ನಾನು ಶಿಕ್ಷಕಿಯ ಜೊತೆಗೆ ತಾಯಿಯೂ ಹೌದು. ಶಿಕ್ಷಣದ ಬಗ್ಗೆ ಮಾತನಾಡುವಾಗ ನಾವೆಲ್ಲ ಒಂದನೆಯ ತರಗತಿಯಿಂದ ಮಾತು ಆರಂಭಿಸುತ್ತೇವೆ. ಮಗು ನಮ್ಮ ಶಾಲೆಯ ಹೊಸ್ತಿಲು ತುಳಿಯುವ ಮುಂಚೆಯೇ ಅದರ ಕಲಿಕೆಯ ಬುನಾದಿ ಅರ್ಧಕ್ಕಿಂತ ಹೆಚ್ಚು ಬಿದ್ದಿರುತ್ತದೆ ಎಂಬುದನ್ನು ಮರೆಯುತ್ತೇವೆ. ಇಂದು ಆ ಬುನಾದಿಯ ಮಾತು ಆಡಲು ನಿಂತಿದ್ದೇನೆ.

ಮೊದಲು ನನ್ನ ಮನೆಯ ಮಾತನ್ನೇ ಹೇಳಿಬಿಡುತ್ತೇನೆ. ನನ್ನ ಮಗಳು ಹುಟ್ಟಿದಾಗ ನಾನು ಬಿ.ಎಡ್. ಎರಡನೆಯ ವರ್ಷದಲ್ಲಿದ್ದೆ. ಹುಟ್ಟಿದಾಗ ಅವಳ ತೂಕ 2 ಕಿಲೊ 600 ಗ್ರಾಂ. ತುಂಬ ಶಾಂತ ಕೂಸು. ಅಳುವುದು ಕಡಿಮೆ, ನಿದ್ದೆ ಹೆಚ್ಚು. ಬಂದವರೆಲ್ಲ "ಎಂಥಾ ಛಲೋ ಕೂಸವ್ವ, ತಾಯಿಗೆ ತ್ರಾಸ ಕೊಡಂಗಿಲ್ಲ" ಎಂದು ಹೊಗಳಿದರು. ನನಗೂ ಹಿಗ್ಗು. ಕೂಸು ಮಲಗಿದಾಗ ನಾನು ನೋಟ್ಸ್ ಓದುತ್ತಿದ್ದೆ. 'ಬೆಳವಣಿಗೆ ಮತ್ತು ವಿಕಾಸ' ಎಂಬ ಪಾಠದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದೆ. ನಡುನಡುವೆ ಘುಟ್ಟಿ, ಒಂದಿಷ್ಟು ಸಕ್ಕರೆ ನೀರು ಕೊಡುವುದೂ ನಡೆದಿತ್ತು.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಹೋದಾಗ ಕೂಸನ್ನು ತೂಗಿದರು. 2 ಕಿಲೊ 900 ಗ್ರಾಂ. ತೂಗಿದ ಅಕ್ಕ ಎರಡನೆಯ ಸಲ ತೂಗಿದರು. ಆಮೇಲೆ ನನ್ನ ಮುಖ ನೋಡಿ, "ಟೀಚರ್, ಕೂಸು ಶಾಂತ ಐತಿ ಅಂತ ತಿಳಕೋಬ್ಯಾಡ್ರಿ. ಅದಕ್ಕ ಅಳಾಕೂ ತ್ರಾಣ ಇಲ್ಲ. ಅದಕ್ಕ ಹಾಲ ಸಾಲವಲ್ದು" ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಬೆಳವಣಿಗೆಯ ಬಗ್ಗೆ ಪರೀಕ್ಷೆಗೆ ಓದುತ್ತಿದ್ದ ತಾಯಿಯ ಮಡಿಲಲ್ಲೇ ಕೂಸು ಅರೆಹೊಟ್ಟೆಯಲ್ಲಿತ್ತು.

ಆ ರಾತ್ರಿ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಈ ಆರು ವಾರಗಳ ನಷ್ಟ ಮುಂದೆ ಇವಳ ಬುದ್ಧಿಗೆ, ಓದಿಗೆ, ಆರೋಗ್ಯಕ್ಕೆ ಅಡ್ಡಿಯಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿದ್ದನ್ನು, ವೈದ್ಯರಿಂದ ಕೇಳಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಸರಿಯಾದ ಬೆಳವಣಿಗೆ ಎಂದರೇನು ಎಂದು ನೋಡೋಣ. ಹುಟ್ಟಿದ ಮೊದಲ ಕೆಲವು ದಿನ ಕೂಸಿನ ತೂಕ ಸ್ವಲ್ಪ ಇಳಿಯುತ್ತದೆ. ಅದು ಸಹಜ. ಎರಡು ವಾರದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರಬೇಕು. ಸುಮಾರು ಐದು ತಿಂಗಳಿಗೆ ಹುಟ್ಟಿದ ತೂಕದ ಎರಡು ಪಟ್ಟು, ವರ್ಷ ತುಂಬಿದಾಗ ಮೂರು ಪಟ್ಟು ಆಗಬೇಕು. ನನ್ನ ಮಗಳು ಆರು ವಾರದಲ್ಲಿ ಏರಿದ್ದು ಬರೀ 300 ಗ್ರಾಂ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಲ್ಲ ಸಣ್ಣ ಕೂಸುಗಳೂ ಸೊರಗಿದ ಕೂಸುಗಳಲ್ಲ. ತಂದೆ ತಾಯಿ ಸಣ್ಣ ಮೈಯವರಾಗಿದ್ದರೆ ಕೂಸೂ ಸಣ್ಣದಿರಬಹುದು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಲೆಕ್ಕವೇ ಬೇರೆ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯಲ್ಲಿ ಕೂಸು ತನ್ನ ಗೆರೆಯನ್ನು ಹಿಡಿದು ಮೇಲೇರುತ್ತಿದ್ದರೆ ಚಿಂತೆಯಿಲ್ಲ. ಗೆರೆ ಅಡ್ಡಡ್ಡ ಮಲಗಿದರೆ ಅಥವಾ ಕೆಳಗೆ ಬಾಗಿದರೆ ಅದು ಕೂಸು ನಮಗೆ ಬರೆದ ಅರ್ಜಿ. ಒಂದು ದಿನದ ತೂಕಕ್ಕಿಂತ ತಿಂಗಳಿಂದ ತಿಂಗಳಿಗೆ ಗೆರೆ ಹೋಗುವ ದಿಕ್ಕು ಮುಖ್ಯ.

ಈಗ ದೂರದ ಪರಿಣಾಮಗಳಿಗೆ ಬರೋಣ. ನಮ್ಮ ರಾಜ್ಯದಲ್ಲಿಯೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ವರದಿಯಂತೆ, ಹುಟ್ಟುವಾಗ ಎರಡೂವರೆ ಕಿಲೊ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 100ಕ್ಕೆ 11 ಜನರಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಮೂರು ಕಿಲೊಗಿಂತ ಚೆನ್ನಾಗಿ ಮೇಲಿದ್ದವರಲ್ಲಿ 100ಕ್ಕೆ 3 ಜನರಿಗೆ ಮಾತ್ರ. ಆ ಪುಸ್ತಕದಲ್ಲಿ ತೂಕ ಬರೆದ ದಾದಿಯರಿಗೆ ತಾವು ಎಂಥ ಕೆಲಸ ಮಾಡುತ್ತಿದ್ದೇವೆಂದು ಗೊತ್ತಿರಲಿಲ್ಲ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಆರಂಭವಾಯಿತು. ಆ ಮಕ್ಕಳಿಗೆ 9-10 ವರ್ಷವಾದಾಗ ನೆನಪು, ಕಲಿಕೆ, ಆಕಾರಗಳನ್ನು ಗುರುತಿಸುವುದು ಮುಂತಾದ ಪರೀಕ್ಷೆ ಕೊಟ್ಟರು. ಹುಟ್ಟುವಾಗ ತೂಕ ಮತ್ತು ತಲೆಯ ಸುತ್ತಳತೆ ಚೆನ್ನಾಗಿದ್ದ ಮಕ್ಕಳು ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಮುಂದಿದ್ದರು. ಗರ್ಭದಲ್ಲಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಚೆನ್ನಾಗಿದ್ದ ಮಕ್ಕಳೂ ಮುಂದಿದ್ದರು. ಅಂದರೆ ಕೂಸಿನ ತೂಕದ ಮಾತು ತಾಯಿಯ ತಟ್ಟೆಯಿಂದಲೇ ಆರಂಭವಾಗುತ್ತದೆ.

ಇದು ಹುಟ್ಟುವ ತೂಕದ ಮಾತಾಯಿತು. ಹುಟ್ಟಿದ ಮೇಲೆ ತೂಕ ನಿಧಾನವಾದರೆ? ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಇಂದಿಗೂ ಗಮನಿಸುತ್ತಿದ್ದಾರೆ. 2007ರಲ್ಲಿ ಅಲ್ಲಿಯ ವೈದ್ಯರಾದ ಅಲನ್ ಎಮಂಡ್ ಮತ್ತು ಸಂಗಡಿಗರು ಬರೆದದ್ದು ಹೀಗೆ: ಮೊದಲ 8 ವಾರಗಳಲ್ಲಿ ತೂಕ ಬಹಳ ನಿಧಾನವಾಗಿ ಏರಿದ ಮಕ್ಕಳು 8 ವರ್ಷದವರಾದಾಗ ಬುದ್ಧಿ ಪರೀಕ್ಷೆಯಲ್ಲಿ ಸರಾಸರಿ ಮೂರು ಅಂಕಕ್ಕಿಂತ ಸ್ವಲ್ಪ ಕಡಿಮೆ ವ್ಯತ್ಯಾಸದಿಂದ ಹಿಂದಿದ್ದರು. 8 ವಾರದಿಂದ 9 ತಿಂಗಳೊಳಗೆ ನಿಧಾನವಾದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಸರಾಸರಿ 100 ಇರುವ ಪರೀಕ್ಷೆಯಲ್ಲಿ ಮೂರು ಅಂಕ ಎಂದರೆ ತರಗತಿಯಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಮೊದಲ ಎರಡು ತಿಂಗಳು ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಅದು ತೋರಿಸುತ್ತದೆ.

2013ರಲ್ಲಿ ಅದೇ ಊರಿನ 11,499 ಮಕ್ಕಳ ಎತ್ತರ-ತೂಕದ ವರದಿ ಬಂತು. ಮೊದಲ 8 ವಾರದಲ್ಲಿ ನಿಧಾನವಾಗಿದ್ದ 507 ಮಕ್ಕಳು ಎರಡು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಸರಿದೂಗಿದ್ದರು. 8 ವಾರದ ನಂತರ ನಿಧಾನವಾದ 480 ಮಕ್ಕಳು 7 ವರ್ಷದವರೆಗೂ ನಿಧಾನವಾಗಿಯೇ ಬೆಳೆದು, ಆಮೇಲೆ ವೇಗ ಹಿಡಿದು, 13 ವರ್ಷದ ಹೊತ್ತಿಗೆ ಉಳಿದವರ ಸಮೀಪ ಬಂದರು. ಆದರೂ ಓರಗೆಯವರಿಗಿಂತ ಕುಳ್ಳಗೆ, ಹಗುರವಾಗಿ ಉಳಿದರು. ಇದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಆದರೆ ಇಂಗ್ಲೆಂಡಿನ ಮಾತನ್ನು ಹಾಗೆಯೇ ನಮ್ಮ ಊರಿಗೆ ತರುವಂತಿಲ್ಲ. ಅಲ್ಲಿ ತೂಕ ತಪ್ಪಿದ ಕೂಸಿಗೆ ಮುಂದೆ ಊಟವಿದೆ, ಶುದ್ಧ ನೀರಿದೆ, ಮನೆಗೆ ಬರುವ ದಾದಿ ಇದ್ದಾಳೆ. ಬಡತನವಿರುವಲ್ಲಿ ಕೂಸು ತಾನಾಗಿ ಸರಿದೂಗುವುದಿಲ್ಲ. ಬ್ರೆಜಿಲ್, ಗ್ವಾಟೆಮಾಲಾ, ಫಿಲಿಪ್ಪೈನ್ಸ್, ದಕ್ಷಿಣ ಆಫ್ರಿಕಾ ಮತ್ತು ನಮ್ಮ ದೆಹಲಿಯ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿ 2010ರಲ್ಲಿ ಒಂದು ವರದಿ ಬಂತು. ಮೊದಲ ಎರಡು ವರ್ಷ ತೂಕ ಚೆನ್ನಾಗಿ ಏರಿದವರು ಸುಮಾರು ಅರ್ಧ ವರ್ಷದಷ್ಟು ಹೆಚ್ಚು ಶಾಲೆ ಕಲಿತಿದ್ದರು. ಎರಡರಿಂದ ನಾಲ್ಕು ವರ್ಷದೊಳಗಿನ ತೂಕಕ್ಕೂ ಓದಿಗೂ ಅಂಥ ಸಂಬಂಧ ಕಾಣಲಿಲ್ಲ. ಗರ್ಭ ನಿಂತ ದಿನದಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳು ಎಂದು ವೈದ್ಯರು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಏಕೆ ಹೀಗೆ? ಕೂಸಿನ ಮಿದುಳು ಹುಟ್ಟುವಾಗ ದೊಡ್ಡವರ ಮಿದುಳಿನ ಕಾಲು ಭಾಗದಷ್ಟಿರುತ್ತದೆ. ಎರಡು ವರ್ಷಕ್ಕೆ ಮುಕ್ಕಾಲು ಭಾಗ ದಾಟುತ್ತದೆ. ಇಷ್ಟು ವೇಗದ ಕಟ್ಟಡಕ್ಕೆ ಸಾಮಗ್ರಿ ಕಡಿಮೆಯಾದರೆ ಕೆಲಸ ಕುಂಠಿತವಾಗುತ್ತದೆ. ಎರಡನೆಯದಾಗಿ, ತ್ರಾಣವಿಲ್ಲದ ಕೂಸು ಕಡಿಮೆ ಆಡುತ್ತದೆ, ಕಡಿಮೆ ತೆವಳುತ್ತದೆ, ಕಡಿಮೆ ಮುಟ್ಟಿ ನೋಡುತ್ತದೆ. ಮೂರನೆಯದಾಗಿ, ಅದಕ್ಕೆ ಭೇದಿ, ಕೆಮ್ಮು ಬೇಗ ಹತ್ತುತ್ತವೆ. ಬೇನೆ ಬಂದಾಗ ಇನ್ನೂ ತೂಕ ಇಳಿಯುತ್ತದೆ.

ನಮ್ಮ ರಾಜ್ಯದ ಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. 100ಕ್ಕೆ 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ 100ಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಶಿಕ್ಷಕ ಬಂಧುಗಳೆ, ಈ ಮಕ್ಕಳೇ ನಾಳೆ ನಮ್ಮ ಮುಂದೆ ಬಂದು ಕೂಡುವವರು.

ನನ್ನ ತರಗತಿಯಲ್ಲಿ ಅಂಥ ಒಬ್ಬ ಹುಡುಗನಿದ್ದ. ಮೂರನೆಯ ತರಗತಿ ಬಂದರೂ ಒತ್ತಕ್ಷರ ಓದಲು ತಡವರಿಸುತ್ತಿದ್ದ. ಒಂದು ದಿನ ನಾನು ಸಿಟ್ಟಿನಿಂದ, "ಇವನ ತಲೆಗೆ ಹತ್ತುವುದೇ ಇಲ್ಲ" ಎಂದುಬಿಟ್ಟೆ. ಮರುದಿನ ಅವನ ತಾಯಿ ಬಂದರು. "ಟೀಚರ್ರಿ, ಇವ ಸಣ್ಣವ ಇದ್ದಾಗ ನಾವು ಕಬ್ಬಿನ ಗ್ಯಾಂಗಿನ್ಯಾಗ ಇದ್ವಿ. ಗುಡಿಸಲದಾಗ ಮಲಗಿಸಿ ಕಬ್ಬ ಕಡ್ಯಾಕ ಹೋಗ್ತಿದ್ವಿ. ಭಾಳ ಸೊರಗಿದ್ದ. ಉಳದದ್ದ ದೊಡ್ಡದ್ರಿ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ನನ್ನ ಮಗಳಿಗೆ ಆರು ವಾರ ಹಾಲು ಸಾಲದಿದ್ದಕ್ಕೆ ರಾತ್ರಿಯೆಲ್ಲ ಅತ್ತವಳು ನಾನು. ಇವನಿಗೆ ಎಷ್ಟೋ ತಿಂಗಳು ಸಾಲದಿದ್ದದ್ದನ್ನು ಕೇಳದೆಯೇ ದಡ್ಡ ಎಂದು ತೀರ್ಪು ಕೊಟ್ಟಿದ್ದೆ.

ಅಂದಿನಿಂದ ಅವನನ್ನು ಮುಂದಿನ ಸಾಲಿಗೆ ತಂದೆ. ಮಧ್ಯಾಹ್ನದ ಊಟದ ನಂತರ ದಿನಕ್ಕೆ ಹತ್ತು ನಿಮಿಷ ಜೊತೆಯಲ್ಲಿ ಓದಿದೆವು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ತಪ್ಪದೆ ನುಂಗುವಂತೆ ನೋಡಿಕೊಂಡೆ. ವರ್ಷದ ಕೊನೆಗೆ ಅವನು ಪಾಠವನ್ನು ತಾನೇ ಓದಿದ. ಲೆಕ್ಕದಲ್ಲಿ ಈಗಲೂ ಹಿಂದಿದ್ದಾನೆ. ಆದರೆ ಶಾಲೆ ಬಿಟ್ಟಿಲ್ಲ.

ಹೋದದ್ದನ್ನು ಮರಳಿ ತರಬಹುದೇ ಎಂಬುದಕ್ಕೆ ಜಮೈಕಾ ದೇಶದ ಕಥೆ ಕೇಳಬೇಕು. 1980ರ ದಶಕದಲ್ಲಿ ಕಿಂಗ್‌ಸ್ಟನ್ ಪಟ್ಟಣದ ಬಡ ಕೇರಿಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿದರು. ಆಗ ಅವರ ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ಪೌಷ್ಟಿಕ ಆಹಾರ, ಕೆಲವರಿಗೆ ಆಟ-ಮಾತು, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಆಟ-ಮಾತು ಎಂದರೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು, ಮನೆಯಲ್ಲಿ ಬಿಸಾಡುವ ಡಬ್ಬಿ-ಬಾಟಲಿಗಳಿಂದ ಮಾಡಿದ ಆಟಿಕೆ ಕೊಟ್ಟು, ಕೂಸಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸುವುದು. ಇದು ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷದ ನಂತರ ನೋಡಿದಾಗ ಆಟ-ಮಾತು ಸಿಕ್ಕ ಮಕ್ಕಳ ಗಳಿಕೆ ಸಿಗದವರಿಗಿಂತ 100ಕ್ಕೆ 25ರಷ್ಟು ಹೆಚ್ಚಾಗಿತ್ತು. ಈ ವರದಿ 2014ರಲ್ಲಿ ಬಂತು. ಆಹಾರವೊಂದನ್ನೇ ಪಡೆದವರಲ್ಲಿ ಇಂಥ ಲಾಭ ದೊಡ್ಡವರಾಗುವವರೆಗೆ ಉಳಿಯಲಿಲ್ಲ. ಆಹಾರ ಬೇಡವೆಂದು ಇದರ ಅರ್ಥವಲ್ಲ. ತುತ್ತಿನ ಜೊತೆ ಮಾತೂ ಬೇಕು ಎಂದು ಅರ್ಥ. ನಮ್ಮ ಅಜ್ಜಿಯರು ಲೋರಿ ಹಾಡುತ್ತ, ಚಂದಾಮಾಮನನ್ನು ತೋರಿಸುತ್ತ ತುತ್ತು ಕೊಡುತ್ತಿದ್ದುದು ಸುಮ್ಮನೆ ಅಲ್ಲ. ಈಗ ನಾವು ಕೂಸಿನ ಕೈಗೆ ಮೊಬೈಲು ಕೊಟ್ಟು ಉಣಿಸುತ್ತಿದ್ದೇವೆ.

ಇನ್ನು ನಮ್ಮ ಮನೆಗಳಲ್ಲಿ ನಡೆಯುವ ತಪ್ಪುಗಳು. ಎಮ್ಮೆ ಈದಾಗ ಗಿಣ್ಣ ಮಾಡಿ ನೆರೆಮನೆಗೂ ಹಂಚುತ್ತೇವೆ. ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಮನೆಗಳು ಇಂದಿಗೂ ಇವೆ. ಹುಟ್ಟಿದ ದಿನ ಖರ್ಜೂರದ ರುಚಿ ತೋರಿಸುವ ಸಂಪ್ರದಾಯ ಬೇರೆ, ದಿನವೂ ಘುಟ್ಟಿ, ಸಕ್ಕರೆ ನೀರು ಕುಡಿಸಿ ಕೂಸಿನ ಪುಟ್ಟ ಹೊಟ್ಟೆ ತುಂಬಿಸುವುದು ಬೇರೆ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. ಜೇನನ್ನು ವರ್ಷ ತುಂಬುವವರೆಗೆ ಕೊಡಬಾರದು. ಬಾಟಲಿಯಲ್ಲಿ ನೀರು ಬೆರೆಸಿದ ಹಾಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಆರು ತಿಂಗಳಾದ ಮೇಲೆ ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುವುದು ಊಟವಲ್ಲ. ಮೆತ್ತಗೆ ಬೇಯಿಸಿದ ಹೆಸರುಬೇಳೆ ಖಿಚಡಿ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಮೊಟ್ಟೆ, ಬಾಳೆಹಣ್ಣು, ನುಣ್ಣಗೆ ಅರೆದ ಶೇಂಗಾ, ಒಂದು ಚಮಚ ತುಪ್ಪ, ಇವೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ಇದರ ಜೊತೆ ಎರಡು ವರ್ಷದವರೆಗೆ ಎದೆಹಾಲೂ ಮುಂದುವರಿಯಲಿ.

ಇನ್ನೊಂದು ಮಾತು. ಕೂಸು ಸೊರಗಿತ್ತೆಂದು ಮುಂದೆ ಕರಿದದ್ದು, ಸಿಹಿ ತುರುಕಿ ದಪ್ಪ ಮಾಡುವುದೂ ತಪ್ಪು. ಎರಡು ವರ್ಷದವರೆಗೆ ತೆಳ್ಳಗಿದ್ದು ಆಮೇಲೆ ದಪ್ಪಗಾಗುತ್ತ ಹೋದವರಲ್ಲಿ ಸಕ್ಕರೆ ರೋಗ ಹೆಚ್ಚು ಎಂದು 2004ರಲ್ಲಿ ದೆಹಲಿಯ ಅಧ್ಯಯನ ತೋರಿಸಿದೆ.

ಗಂಡಸರಿಗೂ ಒಂದು ಮಾತು ಹೇಳಬೇಕು. ಕುರ್‌ಆನ್ ಶರೀಫ್‌ನ ಅಲ್-ಬಕರಾ ಅಧ್ಯಾಯದಲ್ಲಿ ಎರಡು ವರ್ಷ ಹಾಲುಣಿಸುವ ವಿಷಯ ಬಂದಿದೆ. ಅಲ್ಲಿಯೇ ಹಾಲುಣಿಸುವ ತಾಯಿಯ ಅನ್ನ-ಬಟ್ಟೆಯ ಹೊಣೆ ತಂದೆಯದು ಎಂದೂ ಬಂದಿದೆ. ಮೊದಲನೆಯದನ್ನು ತಾಯಂದಿರಿಗೆ ನೆನಪಿಸುತ್ತೇವೆ. ಎರಡನೆಯದನ್ನು ತಂದೆಯರಿಗೆ ನೆನಪಿಸುವುದು ಕಡಿಮೆ. ಬಾಣಂತಿ ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಂಡರೆ ಕೂಸಿನ ತೂಕ ಏರುವುದು ಹೇಗೆ? ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಿದರೆ, ಅವಳ ಮೈ ಬೆಳೆಯುವ ಮುಂಚೆ ಕೂಸು ಬೆಳೆಯಬೇಕಾಗುತ್ತದೆ.

ಕೆಲವರು ಕೂಸನ್ನು ತೂಗಿದರೆ ನಜರ್ ಆಗುತ್ತದೆ ಎಂದು ಹಿಂಜರಿಯುತ್ತಾರೆ. ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ನಿಂತಾಗ ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಜಗಳಕ್ಕೆ ನಿಲ್ಲುತ್ತೇವೆ. ನಮ್ಮ ಕೂಸಿನ ತೂಕ ಮಾತ್ರ ಕೇಳುವುದಿಲ್ಲ. ತೂಗುವ ವ್ಯವಸ್ಥೆ ನಮ್ಮ ಬಾಗಿಲಿಗೇ ಬಂದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬಂದು ಕೂಸನ್ನು ನೋಡಬೇಕೆಂಬ ನಿಯಮವಿದೆ. ನಮ್ಮ ಚಿಲ್ಲಾದ 40 ದಿನವೂ ಅದೇ ಅವಧಿ. ಚಿಲ್ಲಾ ಎಂದು ಅವರನ್ನು ಬಾಗಿಲಿನಿಂದಲೇ ಕಳಿಸಬೇಡಿ. 1975ರಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇಂದು ಊರೂರಿಗೂ ಅಂಗನವಾಡಿ ಇದೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟದ ವ್ಯವಸ್ಥೆಯಾಗಿದೆ. ಆರು ತಿಂಗಳು ದಾಟಿದ ಕೂಸಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಚೆನ್ನಾಗಿ ಹಾಲು ಕುಡಿದರೂ ತೂಕ ಏರದಿದ್ದರೆ ಹೃದಯ, ಥೈರಾಯ್ಡ್ ಮುಂತಾದ ದೋಷಗಳಿರಬಹುದು. ಅದನ್ನು ವೈದ್ಯರೇ ನೋಡಬೇಕು.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಮೂರು. ಒಂದು, ಸಂಘದ ವತಿಯಿಂದ ತಿಂಗಳಿಗೊಮ್ಮೆ ಅಂಗನವಾಡಿ ಅಕ್ಕಂದಿರ ಜೊತೆಗೂಡಿ ನಮ್ಮ ಓಣಿಯ ಎರಡು ವರ್ಷದೊಳಗಿನ ಎಲ್ಲ ಕೂಸುಗಳನ್ನು ತೂಗುವ ಏರ್ಪಾಡಾಗಲಿ. ಎರಡು, ಕಬ್ಬು ಕಡಿಯಲು ಬಂದ ಗ್ಯಾಂಗಿನವರ ಕೂಸುಗಳನ್ನು ನಮ್ಮ ಊರಿನವಲ್ಲ ಎಂದು ಬಿಡದೆ ಅದರಲ್ಲಿ ಸೇರಿಸೋಣ. ಮೂರು, ಪ್ರತಿಭಾ ಪುರಸ್ಕಾರ ಕೊಡುವಂತೆಯೇ, ಕಾರ್ಡಿನ ಗೆರೆ ತಪ್ಪದಂತೆ ಕೂಸನ್ನು ಬೆಳೆಸಿದ ತಾಯಂದಿರನ್ನೂ ಇದೇ ವೇದಿಕೆಗೆ ಕರೆಯೋಣ.

ವಿದ್ಯಾರ್ಥಿನಿಯರೆ, ನಿಮ್ಮ ಮನೆಯಲ್ಲಿ ಕೂಸಿದ್ದರೆ ಇಂದೇ ಅದರ ಕಾರ್ಡು ತೆಗೆದು ನೋಡಿ. ಅಮ್ಮನಿಗೋ ಭಾಬಿಗೋ ಓದಿ ಹೇಳಿ. ವಿದ್ಯಾರ್ಥಿಗಳೆ, ಇದು ಹೆಂಗಸರ ಕೆಲಸವೆಂದು ಎದ್ದು ಹೋಗಬೇಡಿ. ನಾಳೆ ನೀವೂ ತಂದೆಯಾಗುವವರು.

ನನ್ನ ಮಗಳ ವಿಷಯ ಹೇಳಿ ಮುಗಿಸುತ್ತೇನೆ. ಆ ಅಕ್ಕ ಕೂಸನ್ನು ಎದೆಗೆ ಸರಿಯಾಗಿ ಹಿಡಿಯುವುದನ್ನು ತೋರಿಸಿದರು. ಘುಟ್ಟಿ, ಸಕ್ಕರೆ ನೀರು ನಿಲ್ಲಿಸಿದೆವು. ಹಗಲು ರಾತ್ರಿ ಸೇರಿ ಹತ್ತು ಹನ್ನೆರಡು ಸಲ ಎಬ್ಬಿಸಿ ಕುಡಿಸಿದೆ. ನಮ್ಮ ಅತ್ತೆಯವರು ಮನೆಗೆಲಸವನ್ನೆಲ್ಲ ತಾವೇ ಹಿಡಿದು, "ಬೇಟಿ, ನೀ ಮೊದಲ ಉಣ್ಣು" ಎಂದು ತಟ್ಟೆ ತಂದು ಮುಂದಿಟ್ಟರು. ಒಂದು ವಾರದಲ್ಲಿ 250 ಗ್ರಾಂ ಏರಿತು. ಕೂಸು ಜೋರಾಗಿ ಅಳಲು ಶುರುಮಾಡಿತು. ಅಂಥ ಸಿಹಿಯಾದ ಅಳುವನ್ನು ನಾನು ಕೇಳಿಲ್ಲ. ಈಗ ಅವಳು ಮೂರನೆಯ ತರಗತಿ. ಓರಗೆಯವರಿಗಿಂತ ಒಂದು ಬೆರಳು ಕುಳ್ಳಗಿದ್ದಾಳೆ. ಉರ್ದು, ಕನ್ನಡ ಎರಡನ್ನೂ ಓದುತ್ತಾಳೆ. ಮನೆಯಲ್ಲಿ ಅವಳ ಮಾತು ನಿಲ್ಲುವುದೇ ಇಲ್ಲ.

ತೂಕ ತಪ್ಪಿದ್ದು ಹಣೆಬರಹವಲ್ಲ, ಎಚ್ಚರಿಕೆ. ಆ ಎಚ್ಚರಿಕೆ ನನಗೆ ಸಕಾಲದಲ್ಲಿ ಸಿಕ್ಕಿತು. ಗುಡಿಸಲಿನಲ್ಲಿ ಮಲಗಿದ್ದ ಆ ಹುಡುಗನ ತಾಯಿಗೆ ಸಿಗಲಿಲ್ಲ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಒಂದು ತಕ್ಕಡಿ ಮತ್ತು ಅದನ್ನು ನೋಡಿ ಹೇಳುವ ಒಬ್ಬ ಅಕ್ಕ, ಅಷ್ಟೆ. ಅಷ್ಟನ್ನು ನಮ್ಮ ಊರಿನ ಪ್ರತಿ ಕೂಸಿಗೆ ಒದಗಿಸುವುದು ಈ ಸಂಘಕ್ಕೆ ಅಸಾಧ್ಯವಲ್ಲ.